ಲಿಲ್ಲಿ ಮಾವ್ಶಿಯ ಬಣ್ಣ ಹೋದ ಗುರುವಾರ

ಮನುಷ್ಯರು ಏನಾದರೂ ಕೇಳಿದರೆ ಜೆಪ್ಪುವಿನ ವಿಲ್ಲಿ ಗಲ್ಲ ಕೆರೆದುಕೊಂಡು, ಆಕಾಶ ನೋಡಿ, ಕೊನೆಗೆ "ಜಾಯ್ಸ್‌ನ ಹತ್ತಿರ ಕೇಳಿ ಹೇಳ್ತೇನೆ" ಎಂದು ಹೆಂಡತಿಯ ಕಡೆ ಕೈ ತೋರಿಸುತ್ತಿದ್ದ. ಯಂತ್ರ ಕೇಳಿದರೆ ಮಾತ್ರ ಹಿಂದೆಮುಂದೆ ನೋಡದೆ "ಯೆಸ್" ಒತ್ತಿಬಿಡುತ್ತಿದ್ದ. ಬಹರೈನಿನಲ್ಲಿ ಸ್ಟೋರ್‌ಕೀಪರ್ ಆಗಿ ಅರ್ಧ ಆಯುಷ್ಯ ಕಳೆದವನು. "ನೋ" ಒತ್ತಿದವನನ್ನು ಯಂತ್ರ ನೆನಪಿಟ್ಟುಕೊಂಡು ಮುಂದೆ ಸೇಡು ತೀರಿಸಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ಅಲ್ಲಿಂದಲೇ ಹೊತ್ತು ತಂದಿದ್ದ.

ನಿವೃತ್ತನಾಗಿ ಬಂದವನು ಸುಮ್ಮನೆ ಕೂರಲಿಲ್ಲ. ಕುಟುಂಬದ ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನೆಲ್ಲ ಬೂಸ್ಟು ಒರೆಸಿ ಕಂಪ್ಯೂಟರಿಗೆ ಇಳಿಸಿದ. ಇಳಿಸಿದ್ದನ್ನು ಅಚ್ಚುಕಟ್ಟಾಗಿ ಜೋಡಿಸಿಡಲು 'ಹೋಮ್‌ಶೆಲ್ಫ್' ಎಂಬ ಸಾಫ್ಟ್‌ವೇರ್ ಹಾಕಿಕೊಂಡ. ಆ ಸಾಫ್ಟ್‌ವೇರ್‌ಗೆ ಲೋಕದಲ್ಲಿ ಗೊತ್ತಿದ್ದದ್ದು ಎರಡೇ ಜಾತಿ: ಸಿನಿಮಾ ಮತ್ತು ಧಾರಾವಾಹಿ. ಒಂದೇ ಸಲಕ್ಕೆ ಮುಗಿಯುವುದು ಸಿನಿಮಾ. ಮುಗಿಯಿತು ಎಂದುಕೊಂಡಾಗ ಮತ್ತೆ ಶುರುವಾಗುವುದು ಧಾರಾವಾಹಿ. ಸಂಬಂಧಿಕರನ್ನು ಯಾವುದಕ್ಕೆ ಸೇರಿಸಬೇಕೆಂದು ವಿಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಹೀಗೆ ಒಬ್ಬೊಬ್ಬರೂ ಒಂದೊಂದು ಧಾರಾವಾಹಿಯಾದರು. ನಾಮಕರಣದ ಜ್ಞಾನಸ್ನಾನ ಮೊದಲ ಭಾಗ, ಮದುವೆ ಎರಡನೆಯದು, ಅನಂತರದ ಜಗಳ, ಜುಬಿಲಿ, ಮನೆ ಒಕ್ಕಲು ಎಲ್ಲ ಕಂತುಕಂತಾಗಿ. ಸಂಬಂಧಿಕರ, ನೆರೆಕರೆಯವರ ಮೊಬೈಲಿಗೆಲ್ಲ ತಾನೇ ಹೋಗಿ ಅದನ್ನು ಹಾಕಿಕೊಟ್ಟ. ಬೇಡ ಎಂದವರಿಗೂ ಹಾಕಿಕೊಟ್ಟ.

ಮಗಳು ಡ್ಯಾಫ್ನಿಯ ಮದುವೆ ಸೋಮವಾರಕ್ಕೆ ನಿಶ್ಚಯವಾಗಿತ್ತು. ಬುಧವಾರ ಬೂದಿ ಬುಧವಾರ. ಹಣೆಗೆ ಬೂದಿ ಬಿದ್ದು ತಪಸ್ಸು ಕಾಲ ಶುರುವಾಯಿತೆಂದರೆ ಈಸ್ಟರ್ ತನಕ ಇಗರ್ಜಿಯಲ್ಲಿ ಮದುವೆಯ ಮಾತಿಲ್ಲ. ಹುಡುಗ ರೂಬನ್ ಸುರತ್ಕಲ್ಲಿನವನು, ದೋಹಾದಲ್ಲಿ ಕೆಲಸ. ಅವನ ರಜೆ ಈಸ್ಟರ್ ತನಕ ಕಾಯುವಂಥದ್ದಲ್ಲ. ಸೋಮವಾರ ತಪ್ಪಿದರೆ ಮದುವೆ ಮುಂದಿನ ವರ್ಷಕ್ಕೋ, ಆಚೆಗೋ, ದೇವರಿಗೇ ಗೊತ್ತು. ವಿಲ್ಲಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವನು ಗುರುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಹೊಸ ಆವೃತ್ತಿ ಬಂದಿದೆ, ಹಾಕಲೇ?" ಎಂದು ಹೋಮ್‌ಶೆಲ್ಫ್ ಕೇಳಿದ್ದಕ್ಕೆ ಕೈ ಮುಂದೆ ಮಾಡಿದ.

"ಎಂತ ಮಾಡ್ತೀರಿ ನೀವು?" ತೆಂಗಿನಕಾಯಿ ಎಣಿಸುತ್ತಿದ್ದ ಜಾಯ್ಸ್ ಅಲ್ಲಿಂದಲೇ ಕೂಗಿದಳು. "ಮದುವೆಯ ವಾರ ಯಾರಾದ್ರೂ ಬಾವಿ ಕೆಲಸ ತೆಗೀತಾರಾ?"

"ಹೊಸದರಲ್ಲಿ ಮುಖ ನೋಡಿ ತಾನೇ ಗುರುತು ಹಿಡೀತದಂತೆ ಜಾಯ್ಸ್. ಡ್ಯಾಫ್ನಿಯ ಇಡೀ ಜೀವನ ದೊಡ್ಡ ಸ್ಕ್ರೀನಿನಲ್ಲಿ ತೋರಿಸ್ತೇನೆ ಅಂತ ಫ್ಲಾವಿಯಾ ಬಾಯಿಗೆ ಮಾತು ಕೊಟ್ಟಾಗಿದೆ."

ಫ್ಲಾವಿಯಾ ಬಾಯಿ ಎಂದರೆ ರೂಬನ್‌ನ ತಾಯಿ. ಬೀಗಿತ್ತಿಯ ಎದುರು ಎದೆಯುಬ್ಬಿಸಿದ ಗಂಡಸನ್ನು ಹೆಂಡತಿಯಿಂದ ತಡೆಯಲಾದೀತೇ? ವಿಲ್ಲಿ ಯೆಸ್ ಒತ್ತಿದ, ತೆರೆಯ ಮೇಲೆ ಚಕ್ರ ತಿರುಗಿತು. ಹೊಸ ಆವೃತ್ತಿ ಕಣ್ಣು ಬಿಟ್ಟು ಒಂದರ ಹಿಂದೆ ಒಂದು ಪ್ರಶ್ನೆ ಕೇಳತೊಡಗಿತು. ಬಹಳ ಕಾಲದಿಂದ ಹೊಸ ಕಂತು ಬಾರದ ಧಾರಾವಾಹಿಗಳನ್ನು ಬೇರೆ ಸಾಲಿನಲ್ಲಿ ಇಡಲೇ? ಯೆಸ್. ಅವುಗಳ ಚಿತ್ರದ ಬಣ್ಣ ತೆಗೆಯಲೇ? ಯೆಸ್. ಮೊದಲ ಮತ್ತು ಕೊನೆಯ ಕಂತಿನ ವರ್ಷಗಳನ್ನು ಕೆಳಗೆ ಹಾಕಲೇ? ಯೆಸ್. ಎಲ್ಲ ಸದಸ್ಯರಿಗೂ ತಿಳಿಸಲೇ? ವಿಲ್ಲಿ ಆಗಲೇ ಕಾಫಿಯ ತಳದ ಸಕ್ಕರೆ ನೆಕ್ಕುತ್ತಿದ್ದ. ಯೆಸ್.

ಆ ಕ್ಷಣದಲ್ಲಿ ಮಂಗಳೂರಿನಿಂದ ಅರಬಸ್ಥಾನದವರೆಗೆ ಇದ್ದಬದ್ದ ಬಂಧುಬಾಂಧವರ ಮೊಬೈಲುಗಳು ಒಟ್ಟಿಗೆ ಟಿಂಗ್ ಎಂದವು. ತೆರೆದು ನೋಡಿದವರಿಗೆ ಕಂಡದ್ದು ಒಂದು ಸಾಲು ಕಪ್ಪುಬಿಳುಪು ಮುಖಗಳು, ಮುಖದ ಕೆಳಗೆ ಎರಡೆರಡು ವರ್ಷ. ಅಜ್ಜ ಸಾಂತಾನ್, ಬೊನಿಪಾಸ್ ಬಾಪ್ಪು, ಸೆಲೆಸ್ತಿನ್ ಆಂಟಿ, ಎಲ್ಲರೂ ಪರಲೋಕ ಸೇರಿ ಬಹಳ ಕಾಲವಾಗಿತ್ತು. ಅವರ ನಡುವೆ, ಅಜ್ಜನ ಬಲಕ್ಕೆ, ಅದೇ ಬೂದಿ ಬಣ್ಣದಲ್ಲಿ, ತೊಕ್ಕೊಟ್ಟಿನ ಲಿಲ್ಲಿ ಮಾವ್ಶಿ. 1989–2019.

ಲಿಲ್ಲಿ ಮಾವ್ಶಿ ವಿಲ್ಲಿಯ ತಾಯಿಯ ತಂಗಿ. ಮದುವೆಯಾಗದೆ, ದೊಡ್ಡ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ, ಈಗ ನರ್ಸಿಂಗ್ ಓದುವ ಹುಡುಗಿಯರನ್ನು ಪಿಜಿ ಇಟ್ಟುಕೊಂಡು ಆಳುತ್ತಿದ್ದವಳು. ಮದುವೆಯ ಮುನ್ನಾದಿನ ಮದುಮಗಳ ತಲೆಗೆ ತೆಂಗಿನ ಹಾಲೆರೆಯುವ 'ರೋಸ್' ಶಾಸ್ತ್ರ ನಡೆಯುವಾಗ ಹಾಡಬೇಕಾದ ವೊವಿಯೊ ಪದ್ಯಗಳು ಸಾಲು ಬಿಡದೆ ಬಾಯಿಗೆ ಬರುವುದು ಇಡೀ ಕುಟುಂಬದಲ್ಲಿ ಅವಳೊಬ್ಬಳಿಗೇ. ಅವಳಿಲ್ಲದ ರೋಸ್ ಎಂದರೆ ಭಾಗವತರಿಲ್ಲದ ಯಕ್ಷಗಾನದ ಆಟ. ಇಂಥವಳನ್ನು 2019ರ ಒಂದು ಜುಬಿಲಿ ಊಟದಲ್ಲಿ ವಿಲ್ಲಿ, ಅವಳು ಇಡ್ಲಿಯಂಥ ಸಣ್ಣಾಸು ಬಾಯಲ್ಲಿ ತುಂಬಿಕೊಂಡಿದ್ದ ಹೊತ್ತಿನಲ್ಲಿ ಹತ್ತಿರದಿಂದ ಚಿತ್ರೀಕರಿಸಿ ಎಲ್ಲರಿಗೂ ಕಳಿಸಿದ್ದ. ಅಂದಿನಿಂದ ಮಾವ್ಶಿ ಅವನ ಕ್ಯಾಮೆರಾಕ್ಕೆ ಬೆನ್ನು ಹಾಕಿದವಳು ಮುಖ ಕೊಟ್ಟಿರಲಿಲ್ಲ. ಹೊಸ ಕಂತಿಲ್ಲದ್ದು ಹಾಗೆ. ಬಣ್ಣ ಹೋದದ್ದೂ ಹಾಗೆ.

ಮೊದಲು ಕುವೈಟಿನಿಂದ ದೊಡ್ಡಪ್ಪನ ಮಗ ಲ್ಯಾನ್ಸಿಯ ಫೋನ್ ಬಂತು.

"ವಿಲ್ಲಿ, ಇದೆಂತ ಮಾರಾಯ? ಲಿಲ್ಲಿ ಮಾವ್ಶಿ ಹೋಗಿ ಆರು ವರ್ಷ ಆಯ್ತಾ?"

"ಎಲ್ಲಿಗೆ ಹೋಗಿ?"

"ನೀನೇ ಹಾಕಿದ್ದೀಯಲ್ಲ, ಎರಡು ಸಾವಿರದ ಹತ್ತೊಂಬತ್ತು ಅಂತ! ಹಾಗಾದ್ರೆ ನಾನು ಪ್ರತಿ ಕ್ರಿಸ್ಮಸಿಗೆ ಕಳಿಸಿದ ಸೀರೆ ಉಟ್ಟದ್ದು ಯಾರು?"

ವಿಲ್ಲಿ ಮೊಬೈಲ್ ತೆರೆದು ನೋಡಿದ. "ಮಾವ್ಶಿ ಗಟ್ಟಿಮುಟ್ಟಾಗಿದ್ದಾಳೆ ಲ್ಯಾನ್ಸಿ, ದೇವರಾಣೆ. ಇದು ಸಾಫ್ಟ್‌ವೇರ್ ಮಾಡಿದ್ದು!"

ಆಚೆಯ ಧ್ವನಿ ಒಮ್ಮೆಲೇ ಮೆತ್ತಗಾಯಿತು. "ಆಯ್ತು, ಆಯ್ತು. ನೀನು ಹಾಗೇ ಹೇಳಬೇಕು. ನನಗೆ ಅರ್ಥ ಆಗ್ತದೆ. ವರ್ಷ ತಪ್ಪು ಬಿದ್ದಿದೆ, ಇವತ್ತೇ ಹೋದದ್ದು, ಅಲ್ವಾ? ಸೋಮವಾರ ಕಳೀಲಿ. ನಾನು ಯಾರಿಗೂ ಹೇಳೋದಿಲ್ಲ." ಹಾಗೆಂದು ಫೋನಿಟ್ಟ ಲ್ಯಾನ್ಸಿ, ಯಾರಿಗೂ ಹೇಳಬಾರದೆಂದು ಎಲ್ಲರಿಗೂ ಹೇಳಿದ.

ಇಲ್ಲಿ ಓದುಗರಿಗೆ ಈ ಊರಿನ ಒಂದು ಮರ್ಯಾದೆ ತಿಳಿದಿರಬೇಕು. ಮದುವೆ ಹತ್ತಿರ ಬಂದಾಗ ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಹೊರಗಿನವರಿಗೆ "ಸ್ವಲ್ಪ ಶೀತ ಅಷ್ಟೆ" ಎಂದು ಹೇಳಿ ಮದುವೆ ದಾಟಿಸುವ ಕಲೆಯನ್ನು ನಮ್ಮ ಹಿರಿಯರು ಬಲ್ಲರು. ಆದ್ದರಿಂದ "ಬದುಕಿದ್ದಾಳೆ" ಎಂದು ವಿಲ್ಲಿ ಎಷ್ಟು ಗಟ್ಟಿಯಾಗಿ ಕೂಗಿದನೋ ಅಷ್ಟೂ ಗಟ್ಟಿಯಾಗಿ ಲಿಲ್ಲಿ ಮಾವ್ಶಿ ಸತ್ತಳು.

ಫೋನ್ ಮಾಡಿ ಅವಳ ಧ್ವನಿಯನ್ನೇ ಕೇಳಿಸೋಣ ಎಂದರೆ ವಿಲ್ಲಿಯ ನಂಬರನ್ನು ಅವಳು ಸಣ್ಣಾಸಿನ ದಿನವೇ ಬ್ಲಾಕ್ ಮಾಡಿದ್ದಳು. ಜಾಯ್ಸ್ ಮಾಡಿದಳು. ಸ್ವಿಚ್ ಆಫ್. ಡ್ಯಾಫ್ನಿ ಮಾಡಿದಳು. ಸ್ವಿಚ್ ಆಫ್. ಬೇರೆ ಯಾರೆಲ್ಲ ಮಾಡಿದರೋ, ಎಲ್ಲರಿಗೂ ಸ್ವಿಚ್ ಆಫ್. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

"ಮೊದಲು ಆ ಫೋಟೊ ತೆಗೀರಿ!" ಜಾಯ್ಸ್ ಅರಚಿದಳು.

ವಿಲ್ಲಿ ಮಾವ್ಶಿಯನ್ನು ಒತ್ತಿ ಹಿಡಿದು ಅಳಿಸಿದ. "ಖಂಡಿತವೇ?" ಎಂದು ಕೇಳಿತು. ಯೆಸ್. ಮತ್ತೆ ಎಲ್ಲರ ಮೊಬೈಲೂ ಟಿಂಗ್ ಎಂದಿತು: "ಲಿಲ್ಲಿ ಮಾವ್ಶಿ ಇನ್ನು ಈ ಮನೆಯಲ್ಲಿಲ್ಲ. ಮೂವತ್ತು ದಿನಗಳ ಬಳಿಕ ಶಾಶ್ವತವಾಗಿ ಕಳುಹಿಸಿಕೊಡಲಾಗುವುದು."

"ನೋಡು, ತಿಂಗಳ ಪೂಜೆಯ ದಿನವನ್ನೂ ಸರಿಯಾಗಿ ಲೆಕ್ಕ ಹಾಕಿ ತಿಳಿಸಿದ್ದಾನೆ," ಎಂದು ಸೆಲೆಸ್ತಿನ್ ಆಂಟಿಯ ಮಕ್ಕಳು ವಿಲ್ಲಿಯ ಶಿಸ್ತನ್ನು ಕೊಂಡಾಡಿದರು.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಪಕ್ಕದ ಮನೆಯ ಗುಲಾಬಕ್ಕ, ಸೆರಗಿನಲ್ಲಿ ಹಿಡಿದ ಬಿಸಿ ಪಾತ್ರೆಯಲ್ಲಿ ಗಂಜಿ, ಅದರ ಮೇಲೆ ಬಟ್ಟಲಲ್ಲಿ ಹುರುಳಿ ಚಟ್ನಿ ಇಟ್ಟುಕೊಂಡು ಬಂದಳು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ.

"ಜಾಯ್ಸ್ ಬಾಯೀ, ಸ್ವಲ್ಪ ಕುಡೀರಿ. ಹೊಟ್ಟೆಗಿಲ್ಲದೆ ಅಳ್ಲಿಕ್ಕೆ ಆಗುದಿಲ್ಲ."

"ಯಾರೂ ಸತ್ತಿಲ್ಲ ಗುಲಾಬಕ್ಕ!"

"ಹೌದೌದು," ಎಂದು ಗುಲಾಬಕ್ಕ ಕಣ್ಣೊರೆಸಿಕೊಂಡಳು. "ನಾನು ಎಂತದೂ ಕೇಳಿಲ್ಲ."

ಅವಳ ಹಿಂದೆಯೇ ಅವಳ ಗಂಡ, ಶಾಮಿಯಾನದ ನಿತ್ಯಾನಂದ ಶೆಟ್ಟರು, ಇಬ್ಬರು ಆಳುಗಳೊಂದಿಗೆ ಅಂಗಳಕ್ಕೆ ಬಂದು ಅವರನ್ನು ಏಣಿ ಹತ್ತಿಸಿಯೇಬಿಟ್ಟರು. ರೋಸಿಗೆಂದು ನಿನ್ನೆ ಕಟ್ಟಿದ್ದ ಹಳದಿ ಬಟ್ಟೆ ಕೆಳಗಿಳಿಯತೊಡಗಿತು. ಬಿಳಿ ಬಟ್ಟೆಯ ಕಟ್ಟು ಬಿಚ್ಚತೊಡಗಿತು.

"ಶೆಟ್ರೇ! ಎಂತ ಮಾಡ್ತಿದ್ದೀರಿ?" ವಿಲ್ಲಿ ಗೇಟಿಗೆ ಓಡಿ ಬೊಬ್ಬೆ ಹೊಡೆದ.

"ಪೊರ್ಬುಲೆ," ಎಂದರು ಶೆಟ್ಟರು, ಕ್ರೈಸ್ತರನ್ನು ಗೌರವದಿಂದ ಕರೆಯುವ ತುಳು ಮಾತಿನಲ್ಲಿ. "ನೀವು ಟೆನ್ಶನ್ ಮಾಡಬೇಡಿ. ನನ್ನ ಕೆಲಸ ನನಗೆ ಗೊತ್ತುಂಟು. ಬಿಳಿಗೆ ಎಕ್ಸ್‌ಟ್ರಾ ಇಲ್ಲ. ಇಂಥ ಹೊತ್ತಿನಲ್ಲಿ ನಾನು ರೇಟು ಮಾತಾಡುದಿಲ್ಲ."

ವಿಲ್ಲಿ ತಲೆಯ ಮೇಲೆ ಕೈಹೊತ್ತು ಅಂಗಳದ ಕಟ್ಟೆಯಲ್ಲಿ ಕುಳಿತ. ಅರ್ಧ ಹಳದಿ, ಅರ್ಧ ಬಿಳಿಯ ಚಪ್ಪರದ ಕೆಳಗೆ ಅವನಿಗೆ ಇದು ಮಗಳ ಮದುವೆಯ ಮನೆಯೋ, ತನ್ನ ಮಾನದ ಶವಸಂಸ್ಕಾರವೋ ತಿಳಿಯದಾಯಿತು. ಆಗ ಬರಬಾರದ ಫೋನ್ ಬಂತು.

"ವಿಲ್ಲಿಯಾಬ್," ಎಂದಿತು ಫ್ಲಾವಿಯಾ ಬಾಯಿಯ ಗಂಭೀರ ಸ್ವರ. "ನಮ್ಮಲ್ಲಿ ಮುಚ್ಚಿಡುವುದು ಎಂತದೂ ಬೇಡ. ನಾವೂ ಮಾಡಿದವರೇ. ನನ್ನ ನಾದಿನಿಯ ಮದುವೆಯಲ್ಲಿ ಮಾವನನ್ನು ಎರಡು ದಿನ ಐಸಿನಲ್ಲಿ ಇಟ್ಟು, ಜ್ವರ ಅಂತ ಹೇಳಿದ್ದೇವೆ. ಆದರೆ ಇದು ಇಡೀ ಊರಿಗೆ ಗೊತ್ತಾಗಿ ಹೋಗಿದೆ. ತಿಂಗಳ ಪೂಜೆ ಆಗದೆ ಬ್ಯಾಂಡ್ ಬಾರಿಸ್ಲಿಕ್ಕೆ ಆಗ್ತದಾ? ನನ್ನ ಗಂಡನ ಅಕ್ಕಂದಿರು ಮದುವೆಯ ಹಾಲ್ ಬೇಡ ಅಂತ ಫೋನ್ ಮಾಡ್ಲಿಕ್ಕೆ ಕೂತಿದ್ದಾರೆ."

"ಮಾಡಿಸಬೇಡಿ ಬಾಯೀ! ಮಾವ್ಶಿ ಬದುಕಿದ್ದಾಳೆ. ನಾನು ಈಗ ತೊಕ್ಕೊಟ್ಟಿಗೆ ಹೋಗಿ ಅವಳನ್ನೇ ಮಾತಾಡಿಸ್ತೇನೆ!"

"ನಾವೂ ಅಲ್ಲಿಗೇ ಬರ್ತಾ ಇದ್ದೇವೆ. ಕೊನೆಯ ಸಲ ಮುಖ ನೋಡ್ಬೇಕಲ್ಲ."

ಒಳಗೆ ಡ್ಯಾಫ್ನಿ ಬಾಗಿಲ ಚಿಲಕ ಹಾಕಿಕೊಂಡಿದ್ದಳು. ಅಳುವ ಸದ್ದು ಕೇಳದಿರಲೆಂದು ಫ್ಯಾನು ಜೋರಾಗಿ ಹಾಕಿದ್ದಳು. ಫ್ಯಾನಿನ ಸದ್ದಿಗಿಂತ ಆ ಸದ್ದೇ ಹೆಚ್ಚು ಕೇಳುತ್ತಿತ್ತು. ವಿಲ್ಲಿ ಬಾಗಿಲ ತನಕ ಹೋಗಿ, ತಟ್ಟಲು ಕೈಯೆತ್ತಿ, ತಟ್ಟದೆ ತಿರುಗಿ ಬಂದು ಸ್ಕೂಟರ್ ಹೊರಡಿಸಿದ.

ಹಿಂದೆ ಕಡಲು ಹಾರಿದವರ ಕಥೆಯನ್ನು ನಾವು ಕೈಮುಗಿದು ಕೇಳಿದ್ದೇವೆ. ಆದರೆ ಅವರ್ಯಾರಿಗೂ ಗುರುವಾರ ಮಧ್ಯಾಹ್ನ ನೇತ್ರಾವತಿ ಸೇತುವೆ ದಾಟುವ ಕಷ್ಟ ಬಂದಿರಲಿಲ್ಲ. ಸೇತುವೆಯ ನಡುವೆ ಮೀನಿನ ಲಾರಿಯೊಂದು ಕೆಟ್ಟು ನಿಂತು, ಅದರ ನೀರು ಹಿಂದಿನವರ ಮೇಲೆ ಸುರಿಯುತ್ತಿತ್ತು. ಎಲ್ಲರ ಹಾರ್ನೂ ಒಟ್ಟಿಗೆ ಬೊಬ್ಬಿಡುತ್ತಿತ್ತು. ವಿಲ್ಲಿ ಬಲಕ್ಕೆ ನೋಡಿದರೆ ಸುರತ್ಕಲ್ಲಿನ ಬಿಳಿ ಕಾರು. ಅದರ ಹಿಂದಿನ ಸೀಟಿನಲ್ಲಿ ಕಪ್ಪು ಸೀರೆಯ ಫ್ಲಾವಿಯಾ ಬಾಯಿ. ತೊಡೆಯ ಮೇಲೆ ಸ್ಟೇರಿಂಗ್ ಚಕ್ರದಷ್ಟು ದೊಡ್ಡ ಹೂವಿನ ಚಕ್ರ.

ಕಾರಿನ ಗಾಜು ಇಳಿಯಿತು. "ಅಳ್ಬೇಡಿ ವಿಲ್ಲಿಯಾಬ್."

"ಇದು ಬೆವರು ಬಾಯೀ!"

"ಆಗ್ತದೆ, ಆಗ್ತದೆ. ನನಗೂ ಮಾವ ಹೋದಾಗ ಬೆವರೇ ಬಂದದ್ದು."

ಲಾರಿ ಕೆಮ್ಮಿ ಹೊರಟಿತು. ಸಂದಿಯಲ್ಲಿ ನುಗ್ಗಿ, ಬಸ್ಸಿನವನ ಬೈಗುಳ ತಿಂದು, ತೊಕ್ಕೊಟ್ಟು ಜಂಕ್ಷನಿನಲ್ಲಿ ಒಂದು ಬಾಳೆಗೊನೆಯ ಗಾಡಿಗೆ ತಾಗಿ, ವಿಲ್ಲಿ ಮಾವ್ಶಿಯ ಮನೆಯಂಗಳ ಮುಟ್ಟಿದಾಗ ಬಿಳಿ ಕಾರು ಅವನ ಬೆನ್ನಿಗೇ ಇತ್ತು. ಮನೆಯ ಕಿಟಕಿ ಬಾಗಿಲೆಲ್ಲ ಮುಚ್ಚಿತ್ತು. ಒಳಗಿನಿಂದ ಹೆಣ್ಣುಮಕ್ಕಳು ಗುಂಪಾಗಿ, ನಿಧಾನವಾಗಿ, ಒಂದೇ ಧಾಟಿಯಲ್ಲಿ ಹಾಡುವುದು ಕೇಳಿಸಿತು.

ಫ್ಲಾವಿಯಾ ಬಾಯಿ ಶಿಲುಬೆಯ ಗುರುತು ಮಾಡಿಕೊಂಡರು. "ಪ್ರಾರ್ಥನೆ ಶುರು ಆಗಿದೆ."

ವಿಲ್ಲಿ ಬಾಗಿಲಿಗೆ ಓಡಿದ. ಹೌದೇ? ನಿಜವಾಗಿಯೂ ಹೌದೇ? ತಾನು ಯೆಸ್ ಒತ್ತಿದ್ದು ಮೇಲಿನವನಿಗೇ ಹೋಗಿ ಮುಟ್ಟಿತೇ? ಒಂದು ಸಣ್ಣಾಸಿನ ಜಗಳಕ್ಕೆ ಆರು ವರ್ಷ ಅವಳ ಮೆಟ್ಟಿಲು ಹತ್ತದೆ ಉಳಿದೆನಲ್ಲ ಎಂದುಕೊಳ್ಳುತ್ತಾ ಬಾಗಿಲನ್ನು ಹೆಗಲಿನಿಂದಲೇ ದೂಡಿದ.

ನಡುಕೋಣೆಯಲ್ಲಿ ಕುರ್ಚಿಯ ಮೇಲೆ ಲಿಲ್ಲಿ ಮಾವ್ಶಿ ಕುಳಿತಿದ್ದಳು. ಕೈಯಲ್ಲಿ ಅಡಿಕೋಲು, ಎದುರಿಗೆ ಸಾಲಾಗಿ ಪಿಜಿ ಹುಡುಗಿಯರು. ಭಾನುವಾರದ ರೋಸಿಗೆ ಹಿಂದಿನಿಂದ ದನಿಗೂಡಿಸುವವರು ಬೇಕಲ್ಲ, ಅದಕ್ಕೆ ತರಬೇತಿ. ಗಮನ ಕೆಡಬಾರದೆಂದು ಎಲ್ಲರ ಮೊಬೈಲೂ ಆಫ್ ಮಾಡಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳು.

"ಬಾಗಿಲು ಮುರಿಯುವಂಥದ್ದು ಎಂತ ಆಗಿದೆ?" ಎಂದಳು ಮಾವ್ಶಿ. ಆಮೇಲೆ ಅವಳ ಕಣ್ಣು ಹೂವಿನ ಚಕ್ರದ ಮೇಲೆ ಬಿತ್ತು. ಆಮೇಲೆ ಕಪ್ಪು ಸೀರೆಯ ಮೇಲೆ. "ಇದು ಯಾರಿಗೆ?"

ಫ್ಲಾವಿಯಾ ಬಾಯಿ ದೊಡ್ಡ ಮನೆತನದ ಹೆಣ್ಣು. ಎಂಥ ಸಂದರ್ಭದಲ್ಲೂ ಮರ್ಯಾದೆ ಬಿಡುವವರಲ್ಲ. ಚಕ್ರವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, "ನಿಮಗೇ. ಸುಮ್ಮನೆ... ನೋಡಿ ಹೋಗುವ ಅಂತ," ಎಂದರು.

ವಿಲ್ಲಿ ನೆಲದ ಮೇಲೇ ಕುಳಿತು ಎಲ್ಲವನ್ನೂ ಒದರಿದ. ಹೊಸ ಆವೃತ್ತಿ, ಬೂದಿ ಬಣ್ಣ, ಮೂವತ್ತು ದಿನ, ಗಂಜಿ, ಬಿಳಿ ಶಾಮಿಯಾನ, ಡ್ಯಾಫ್ನಿಯ ಫ್ಯಾನು. ಹುಡುಗಿಯರು ಸೆರಗಿಲ್ಲದ್ದಕ್ಕೆ ಪುಸ್ತಕದಿಂದ ಬಾಯಿ ಮುಚ್ಚಿಕೊಂಡರು. ಮಾವ್ಶಿ ಮುಚ್ಚಿಕೊಳ್ಳಲಿಲ್ಲ.

"ನಲ್ವತ್ತು ವರ್ಷ ವಾರ್ಡಿನಲ್ಲಿ ಸತ್ತವರ ಕಣ್ಣು ಮುಚ್ಚಿಸಿದವಳು ನಾನು. ನಾನು ಸತ್ತರೆ ಮೊದಲು ನನಗೆ ಗೊತ್ತಾಗ್ಬೇಕಾ, ನಿನ್ನ ಡಬ್ಬಕ್ಕಾ?"

"ತಪ್ಪಾಯ್ತು ಮಾವ್ಶಿ."

"ನವೆಂಬರ್ ಬಂದ್ರೆ ಪೆನ್ಶನಿನವರಿಗೆ ಬದುಕಿದ್ದೇನೆ ಅಂತ ಹೋಗಿ ಮುಖ ತೋರಿಸ್ತೇನೆ. ಇನ್ನು ನಿನಗೂ ತೋರಿಸ್ಬೇಕಾ?"

"ತೋರಿಸ್ಬೇಕು ಲಿಲ್ಲಿ ಬಾಯಿ," ಎಂದು ಫ್ಲಾವಿಯಾ ಬಾಯಿ ನಡುವೆ ಬಂದರು. "ನಾನು ಕಣ್ಣಾರೆ ನೋಡಿದೆ, ನನಗೆ ಸಾಕು. ಆದರೆ ನನ್ನ ಅತ್ತಿಗೆಯವರು ನಾನು ಹೇಳಿದರೆ ನಂಬುದಿಲ್ಲ. ಅವರು ನಂಬದಿದ್ದರೆ ಸೋಮವಾರ ಬ್ಯಾಂಡ್ ಇಲ್ಲ, ಬ್ಯಾಂಡ್ ಇಲ್ಲದಿದ್ದರೆ ಮದುವೆ ಇಲ್ಲ. ವಿಡಿಯೊ ಬೇಕು. ಇವತ್ತಿನದ್ದೇ ಅಂತ ಗೊತ್ತಾಗ್ಲಿಕ್ಕೆ ಕೈಯಲ್ಲಿ ಇವತ್ತಿನ ಪೇಪರ್ ಹಿಡ್ಕೊಳ್ಳಿ."

ಮಾವ್ಶಿ ಅಡಿಕೋಲಿನಿಂದ ವಿಲ್ಲಿಯ ಹೆಗಲಿಗೆ ತಟ್ಟಿದಳು. ಅದು ಹೊಡೆತವೋ ಕ್ಷಮೆಯೋ ಅವನಿಗೆ ತಿಳಿಯಲಿಲ್ಲ.

"ನನಗೋಸ್ಕರ ಅಲ್ಲ. ಆ ಮಗು ಅಳ್ತಿದೆ ಅಂದಿಯಲ್ಲ, ಅದಕ್ಕೆ. ಹತ್ತಿರದಿಂದ ತೆಗೆದಿಯೋ, ಫೋನನ್ನು ಕೊಚ್ಚುವ ಕತ್ತಿಗೆ ಕೊಡ್ತೇನೆ."

ಪೇಪರು ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಲಿಲ್ಲಿ ಮಾವ್ಶಿ ಕ್ಯಾಮೆರಾ ನೋಡಿದಳು. ತಾನು ಬದುಕಿರುವುದಾಗಿ ಒಂದು ವಾಕ್ಯ ಹೇಳಿದಳು, ಉಳಿದದ್ದೆಲ್ಲ ಬೈಗುಳ. ಗಂಜಿ ಮಾಡಿದವರಿಗೆ, ತಿಂಗಳ ಪೂಜೆ ಎಣಿಸಿದವರಿಗೆ, ಫೋನ್ ತೆಗೆಯದಿದ್ದರೆ ಸತ್ತೇಬಿಟ್ಟರು ಎನ್ನುವವರಿಗೆ, ಎಲ್ಲರಿಗೂ ಹಂಚಿ ಮಿಕ್ಕದ್ದನ್ನು ವಿಲ್ಲಿಗೆ ಸುರಿದಳು. ಬೈಗುಳಕ್ಕೂ ಒಂದು ಪ್ರಾಸ, ಒಂದು ತಾಳ ಕೂಡಿ ಬಂತು. ಪದ್ಯ ಹಾಡಿ ಪಳಗಿದ ನಾಲಿಗೆಯಲ್ಲವೇ. ವಿಲ್ಲಿ ಅವಳನ್ನು ಸಾಫ್ಟ್‌ವೇರಿನ ಕಸದಬುಟ್ಟಿಯಿಂದ ಎತ್ತಿ ಮತ್ತೆ ಸಾಲಿನಲ್ಲಿಟ್ಟು ಹೊಸ ಕಂತು ಏರಿಸಿದ. ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೊನೆಗೆ ಮಾವ್ಶಿಯ ಕೆನ್ನೆಗೆ ಮೆಲ್ಲನೆ ಬಣ್ಣ ಬಂತು. ಸೀರೆಗೆ ಹಸಿರು ಬಂತು. ಎಲ್ಲೆಡೆ ಟಿಂಗ್ ಎಂದಿತು.

ಸುರತ್ಕಲ್ಲಿನ ಅತ್ತಿಗೆಯವರು ಅದನ್ನು ಎರಡೆರಡು ಸಲ ನೋಡಿ, "ಸತ್ತವರಿಗೆ ಇಷ್ಟು ಬಾಯಿ ಇರುದಿಲ್ಲ" ಎಂದು ತೀರ್ಪು ಕೊಟ್ಟರು. ಬ್ಯಾಂಡ್ ಉಳಿಯಿತು. ಲ್ಯಾನ್ಸಿ ಮಾತ್ರ, "ಸಂತೋಷ ಆಯ್ತು. ಆದ್ರೆ ಆ ಹಸಿರು ಸೀರೆ ನಾನು ಕಳಿಸಿದ್ದಲ್ಲ," ಎಂದು ಬರೆದ.

ಭಾನುವಾರ ಸಂಜೆ ಪೂರ್ತಿ ಹಳದಿಯಾದ ಚಪ್ಪರದ ಕೆಳಗೆ ಡ್ಯಾಫ್ನಿ ರೋಸಿಗೆ ಕುಳಿತಳು. ಕುಳಿತವಳು ಗೆಳತಿಗೆ ಏನನ್ನೋ ತೋರಿಸಲೆಂದು ಮೊಬೈಲಿನಲ್ಲಿ ಆ ಬೂದಿ ಬಣ್ಣದ ಸಾಲನ್ನು ಸರಿಸುತ್ತಾ ಸರಿಸುತ್ತಾ ಕೊನೆಗೆ ಹೋಗಿ ನಿಂತಳು.

"ಪಪ್ಪಾ, ಇಲ್ಲಿ ನೀವೂ ಇದ್ದೀರಿ!"

ಇದ್ದ. ತೆಳು ಮೀಸೆ, ಬಾಡಿಗೆಯ ಕೋಟು, ಬಣ್ಣವಿಲ್ಲದ ನಗು. ವಿಲ್ಲಿ, 1989–1994. ಕೊನೆಯ ಕಂತು ಅವನದೇ ಮದುವೆ. ಮರುವರ್ಷ ಬಹರೈನಿನಿಂದ ಕ್ಯಾಮೆರಾ ತಂದು ಅದರ ಹಿಂದೆ ನಿಂತವನು ಮುಂದೆ ಬಂದೇ ಇರಲಿಲ್ಲ.

"ಗುರುವಾರದಿಂದ ನಾನು ಸತ್ತು ಬಿದ್ದಿದ್ದೇನೆ," ಎಂದ ವಿಲ್ಲಿ. "ಒಬ್ಬರಾದ್ರೂ ಫೋನ್ ಮಾಡಿದಿರಾ? ಒಂದು ಲೋಟ ಗಂಜಿಯಾದ್ರೂ?"

"ನಾನು ನೋಡಿದ್ದೆ ಪೊರ್ಬುಲೆ," ಎಂದರು ನಿತ್ಯಾನಂದ ಶೆಟ್ಟರು. "ಆದರೆ ನೀವು ಗೇಟಿನಲ್ಲಿ ನಿಂತು ಬೊಬ್ಬೆ ಹೊಡೀತಿದ್ರಿ. ಹೇಗೆ ನಂಬುದು?"

"ಇವರು ಇಲ್ಲದಿದ್ದರೆ ಈ ಮನೆಯಲ್ಲಿ ಇಷ್ಟು ಗೊಂದಲ ಮಾಡುವವರು ಯಾರಿದ್ದಾರೆ?" ಎಂದಳು ಜಾಯ್ಸ್, ತೆಂಗಿನ ಹಾಲಿನ ತಟ್ಟೆ ಅವನ ಕೈಗೆ ಕೊಡುತ್ತಾ.

ಹಾಡು ಶುರುವಾಗಿತ್ತು. ಪಿಜಿ ಹುಡುಗಿಯರು ಹಿಂದಿನಿಂದ ದನಿ ಸೇರಿಸಿದರು. ಪದ್ಯ ತಾಯಿಯನ್ನು ಕರೆಯಿತು, ಜಾಯ್ಸ್ ಬಂದು ಎರೆದಳು. ಪದ್ಯ ತಂದೆಯನ್ನು ಕರೆಯಿತು. ವಿಲ್ಲಿ ಬಂದ, ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಎತ್ತಿ ಹಿಡಿದ ಮೊಬೈಲು. ಲಿಲ್ಲಿ ಮಾವ್ಶಿ ಸಾಲಿನ ನಡುವೆಯೇ ಹಾಡು ನಿಲ್ಲಿಸಿದಳು. ಅವಳು ಹಾಡು ನಡುವೆ ನಿಲ್ಲಿಸಿದ್ದನ್ನು ಅಲ್ಲಿದ್ದ ಯಾರೂ ಹಿಂದೆ ಕಂಡಿರಲಿಲ್ಲ.

"ಫೋನ್ ಇಲ್ಲಿ ಕೊಡು. ನಿನ್ನ ಮಗಳ ಎದುರು ಹೋಗಿ ನಿಲ್ಲು."

ಆ ಕಂತು ಈಗಲೂ ಹೋಮ್‌ಶೆಲ್ಫಿನಲ್ಲಿ ಉಂಟು, ಬೇಕಾದವರು ನೋಡಬಹುದು. ಮೊದಲು ಬಹಳ ಹೊತ್ತು ಕಾಣುವುದು ಶೆಟ್ಟರ ಹಳದಿ ಬಟ್ಟೆ. ಆಮೇಲೆ ಮಾವ್ಶಿಯ ಹೆಬ್ಬೆರಳು. ಹೆಬ್ಬೆರಳು ಸರಿದಾಗ ವಿಲ್ಲಿಯ ಹೊಟ್ಟೆ, ಡ್ಯಾಫ್ನಿಯ ಬಾಗಿದ ನೆತ್ತಿ, ಆ ನೆತ್ತಿಯ ಮೇಲೆ ಹಾಲೆರೆಯಲು ಹೋಗಿ ಎರೆಯಲಾರದೆ ಗಡಗಡ ನಡುಗುವ ಒಂದು ಕೈ. ಮುಖವಂತೂ ಬರಲೇ ಇಲ್ಲ. ಆದರೂ ಸಾಫ್ಟ್‌ವೇರ್ ಅದು ಯಾರೆಂದು ಗುರುತು ಹಿಡಿಯಿತು, ಬೂದಿ ಸಾಲಿನ ವಿಲ್ಲಿಯ ಬಾಡಿಗೆಯ ಕೋಟಿಗೆ ನೀಲಿ ಬಣ್ಣ ಕೊಟ್ಟಿತು. ಚಿತ್ರದ ಆಚೆಯಿಂದ ಮಾವ್ಶಿಯ ಸ್ವರ ಸ್ಪಷ್ಟವಾಗಿ ಕೇಳುತ್ತದೆ:

"ಸಾಕು ಅತ್ತದ್ದು ಮಾರಾಯ, ಹಾಲೆಲ್ಲ ನೀರಾಗ್ತಾ ಉಂಟು. ಎರಿ!"